ಮೂರಡಿ ಸಂದು

ಇಪ್ಪತ್ತಾರು ವರ್ಷ ಬನಶಂಕರಿ ಡಿಪೋದಲ್ಲಿ
ಬಸ್ಸುಗಳ ರೇಡಿಯೇಟರ್ ಬಿಚ್ಚಿ ಕಟ್ಟಿದವನು ನಾನು.
ಕಲಿತದ್ದು ಒಂದೇ ಮಾತು:
ಬಿಸಿ ಸಾಯುವುದಿಲ್ಲ,
ಒಬ್ಬರ ಮೈ ಬಿಟ್ಟು ಇನ್ನೊಬ್ಬರ ಮುಖಕ್ಕೆ ಹೊಡೆಯುತ್ತದೆ, ಅಷ್ಟೆ.

ಅಂಜನಾಪುರದ ಥರ್ಟಿ ಫಾರ್ಟಿ ಸೈಟು,
ಗೋಡೆ ಲಿಂಟಲ್ ಮಟ್ಟಕ್ಕೆ ಬಂದಿತ್ತು.
ಏಸಿ ಅಂಗಡಿಯ ಹುಡುಗ ಟೇಪು ಹಿಡಿದು
ಪೂರ್ವದ ಸಂದಿನಲ್ಲಿ ಅಳೆದ:
"ಹೊರಗಿನ ಡಬ್ಬ ಇಲ್ಲಿ ಸಾರ್, ಯಾರಿಗೂ ಕಾಣಲ್ಲ."
ಸಂದು ಅಂದರೆ ಮೂರಡಿ.
ಆಚೆ ಗೋಡೆಯಲ್ಲಿ ಜರೀನಾಬಿಯ ಕಿಟಕಿ,
ಕಿಟಕಿಗೆ ಒತ್ತಿಕೊಂಡು ಹೊಲಿಗೆ ಮಿಷನ್ನು,
ಮಿಷನ್ನಿನ ಮೇಲೆ ಯಾವುದೋ ಶಾಲೆಯ ನೀಲಿ ಯೂನಿಫಾರಂ ರಾಶಿ.
ಅವಳು ತಲೆ ಎತ್ತಿದಳು,
ದಾರ ಕಚ್ಚಿದ ಹಲ್ಲಿನಲ್ಲೇ ನಕ್ಕಳು.
"ನಾಳೆ ಹೇಳ್ತೀನಿ" ಅಂದೆ ಹುಡುಗನಿಗೆ.

ಆ ನಾಳೆಗೆ ಎರಡು ತಿಂಗಳಾಯಿತು.

ಬೃಂದಾ ಬಂದದ್ದು ಆಮೇಲೆ. ನಾದಿನಿಯ ಮಗಳು,
ನೆಲದ ಶಾಖದ ಮೇಲೆ ಓದುತ್ತಿರುವವಳು.
ಹೆಲ್ಮೆಟ್ಟೂ ತೆಗೆಯದೆ ಹಿಂದಕ್ಕೆ ಹೋಗಿ
ಚಪ್ಪಡಿ ಸರಿಸಿದಳು.
ಹಳೆ ಮಾಲೀಕ ಕೊರೆಸಿ ಕೈಬಿಟ್ಟ ಬೋರು,
ಸಾವಿರದ ನೂರಡಿ.
ದುಡ್ಡೆಲ್ಲ ಅದಕ್ಕೆ ಸುರಿದು
ಒಂದು ತಂಬಿಗೆ ನೀರೂ ಕಾಣದೆ
ಸೈಟನ್ನೇ ನಮಗೆ ಮಾರಿ ಹೋಗಿದ್ದ ಪುಣ್ಯಾತ್ಮ.

ದಾರಕ್ಕೆ ಥರ್ಮಾಮೀಟರ್ ಕಟ್ಟಿ ಇಳಿಬಿಟ್ಟು
ಗಡಿಯಾರ ನೋಡುತ್ತ ಕೂತಳು.
ಮೇಲೆ ಏಪ್ರಿಲ್, ಮೂವತ್ತಾರು. ಕೆಳಗೆ ಇಪ್ಪತ್ತೈದು.
"ನೀರಿಲ್ಲದಿದ್ರೆ ಹೋಗಲಿ ದೊಡ್ಡಪ್ಪ, ತಂಪು ಇದೆಯಲ್ಲ!
ಪೈಪು ಇಳಿದು ಹೋಗಿ ತಿರುಗಿ ಬರುತ್ತೆ,
ಮನೆಯ ಬಿಸಿಯನ್ನ ಬಂಡೆಗೆ ಒಪ್ಪಿಸಿ.
ಧನುರ್ಮಾಸದಲ್ಲಿ ಬಂಡೆ ಅದನ್ನೇ
ಚೂರು ವಾಪಸ್ಸು ಕೊಡುತ್ತೆ."
"ಇಡೀ ಮನೆಗೆ?"
"ಇಲ್ಲ. ಎರಡು ಕೋಣೆಗೆ. ಅದೂ ಲೆಕ್ಕ ಸರಿಬಂದರೆ."

ಆ "ಬಂದರೆ" ನನಗೆ ಹಿಡಿಸಿತು.
ಏಸಿಯ ಹುಡುಗನ ಬಾಯಲ್ಲಿ ಅಂಥದ್ದೊಂದೂ ಇರಲಿಲ್ಲ.

ದೇವೀರಮ್ಮ ಎಸ್ಟಿಮೇಟು ಎರಡು ಸಲ ಓದಿದಳು,
ಕನ್ನಡಕ ಒರೆಸಿ ಮೂರನೆಯ ಸಲ.
"ಇಷ್ಟಕ್ಕೆ ತೇಗದ ಬಾಗಿಲು ಬರ್ತಿತ್ತು.
ಗೃಹಪ್ರವೇಶಕ್ಕೆ ಬಂದೋರು ಬಾಗಿಲು ನೋಡ್ತಾರೋ
ನಿಮ್ಮ ಪೈಪು ನೋಡ್ತಾರೋ?"
ನನ್ನ ಹತ್ತಿರ ಉತ್ತರ ಇರಲಿಲ್ಲ.
ಅವಳ ಹತ್ತಿರವೂ ಇರಲಿಲ್ಲ, ಕಾಗದ ಮಡಚಿ
ಬ್ಲೌಸಿನೊಳಗೆ ಇಟ್ಟುಕೊಂಡಳು.

ಸಿಮೆಂಟು ಮೂಟೆಯ ಮೇಲೆ ಕೂತಿದ್ದ ಅವ್ವ
ಅಷ್ಟೂ ಹೊತ್ತು ಕೇಳಿಸಿಕೊಂಡಿದ್ದಳು.
"ಅದು ಹಗೇವು ಕಣೋ" ಅಂದಳು.
ಹೊಸಕೋಟೆ ಕಡೆಯ ಅವಳ ತವರಿನಲ್ಲಿ
ರಾಗಿ ಮೂರು ವರ್ಷ ನೆಲದೊಳಗೆ ಮಲಗುತ್ತಿತ್ತಂತೆ,
ಹುಳು ಮುಟ್ಟದೆ, ಬೇಸಿಗೆ ಗೊತ್ತಾಗದೆ.
ಬಾಯಿ ತೆಗೆದರೆ ಒಂದು ದಿನ ಸುಮ್ಮನೆ ಬಿಡಬೇಕು,
ಆಮೇಲೆ ಲಾಟೀನು ಇಳಿಸಬೇಕು,
ಉರಿಯುತ್ತಿದ್ದರೆ ಮಾತ್ರ ಮನುಷ್ಯ.
"ನಮ್ಮ ಸಣ್ಣಯ್ಯ ಲಾಟೀನು ಇಳಿಸದೇನೇ..."
ಅಲ್ಲಿಗೆ ನಿಲ್ಲಿಸಿ
ಸೆರಗಿನ ಸಿಮೆಂಟು ಕೊಡವಿಕೊಂಡಳು.

ರಿಗ್ಗಿನ ಲಾರಿ ಬಂತು, ಬೋರು ತೊಳೆಯಲಿಕ್ಕೆ.
ಬೀದಿ ಪೂರ್ತಿ ಬೂದಿಬಣ್ಣ.
ಎದುರುಮನೆಯವರು ಎರಡು ಸಲ ಇಣುಕಿದರು:
"ನೀರು ಬಂತಾ?"
"ಇಲ್ಲ."
"ಅಯ್ಯೋ ಪಾಪ."
ಬಿಡಿಸಿ ಹೇಳಲು ಹೋಗಲಿಲ್ಲ.
ತಿರುಚೆಂಗೋಡಿನ ಸೆಲ್ವರಾಜನಿಗೂ ನಂಬಿಕೆಯಿರಲಿಲ್ಲ,
ನೀರು ಬೇಡದ ಗಿರಾಕಿಯನ್ನು ಅವನು ಕಂಡದ್ದೇ ಮೊದಲು.
ಕೂಲಿಯ ಮುಂಗಡ ಮಾತ್ರ ಗಟ್ಟಿಯಾಗಿ ಕೇಳಿದ.

ಬಾಗಿಲು ಕೊನೆಗೆ ಬೇವಿನದಾಯಿತು.

ಇವತ್ತು ಮೊದಲ ಸಲ ಪಂಪು ಹಾಕಿದಳು ಬೃಂದಾ.
ಅವಳು ಮೀಟರು ನೋಡುತ್ತಿದ್ದಾಗ
ನಾನು ಡಿಪೋದ ಪರೀಕ್ಷೆ ಮಾಡಿದೆ:
ಇಳಿಯುವ ಪೈಪಿಗೆ ಒಂದು ಕೈ,
ಏರಿ ಬರುವುದಕ್ಕೆ ಇನ್ನೊಂದು.
ವ್ಯತ್ಯಾಸ ಇತ್ತು.
ಅಂಗೈಗೆ ಅನುಮಾನ ಬರುವಷ್ಟು.

ಕೈ ತೆಗೆಯದೆ ನಿಂತಿದ್ದೆ.
ಸಂದಿನ ಆಚೆಯಿಂದ ಜರೀನಾಬಿ ಕೂಗಿದಳು,
"ಡಬ್ಬ ಯಾವಾಗ ಹಾಕ್ತೀರಿ ಅಣ್ಣ?
ಹೇಳಿ, ಮಿಷನ್ನು ಆ ಕಡೆ ಸರಿಸ್ಕೋತೀನಿ."